ತಿರುಗಿಸದೆ ಸಿಕ್ಕ ಉತ್ತರ

ಆ ಪರೀಕ್ಷೆ ಮುಗಿದು ತಿಂಗಳುಗಳೇ ಕಳೆದವು. ಫಲಿತಾಂಶವೂ ಬಂತು, ಅಂಕವೂ ಚೆನ್ನಾಗಿಯೇ ಇತ್ತು. ಆದರೂ ಒಂದು ವಿಷಯ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಲೇ ಇದೆ. ಆಪ್ಟಿಟ್ಯೂಡ್ ಟೆಸ್ಟಿನಲ್ಲಿ ಒಂದು ವಿಭಾಗ ಇರುತ್ತದಲ್ಲ, ಎಡಗಡೆ ಒಂದು ಆಕೃತಿ, ಬಲಗಡೆ ನಾಲ್ಕು, ಈ ನಾಲ್ಕರಲ್ಲಿ ಯಾವುದು ಅದೇ ಆಕೃತಿ ತಿರುಗಿ ನಿಂತಿರುವುದು ಅಂತ ಕೇಳುತ್ತಾರಲ್ಲ, ಅದು. ಆ ವಿಭಾಗದಲ್ಲಿ ನನಗೆ ಹೆಚ್ಚುಕಮ್ಮಿ ಪೂರ್ತಿ ಅಂಕ. ಆದರೆ ಅವತ್ತು ನಾನು ಒಂದೇ ಒಂದು ಆಕೃತಿಯನ್ನೂ ಮನಸ್ಸಿನಲ್ಲಿ ತಿರುಗಿಸಲಿಲ್ಲ. ನಿನಗೆ ತಿರುಗಿಸಲು ಬರುತ್ತದಾ ಅಂತ ಅವರು ಕೇಳಿದರು. ನಾನು ತಿರುಗಿಸದೆಯೇ ಉತ್ತರ ಕೊಟ್ಟು ಎದ್ದು ಬಂದೆ. ಇದನ್ನು ಕಲಿತೆ ಅನ್ನಬೇಕಾ, ಕಳ್ಳದಾರಿ ಹಿಡಿದೆ ಅನ್ನಬೇಕಾ ಅಂತ ಇವತ್ತಿಗೂ ಒಮ್ಮೊಮ್ಮೆ ಕೂತು ಯೋಚಿಸುತ್ತೇನೆ.

ಮೊದಲ ಮಾಕ್ ಟೆಸ್ಟಿನಲ್ಲಿ 20ಕ್ಕೆ 7 ಬಂದಿತ್ತು. ನಾಲ್ಕು ಆಯ್ಕೆಯಲ್ಲಿ ಒಂದು ಸರಿ ಅಂದಮೇಲೆ, ಪ್ರಶ್ನೆ ಓದದೆ ಸುಮ್ನೆ ಗುರುತು ಹಾಕಿಕೊಂಡು ಹೋಗಿದ್ದರೂ ಐದು ಬರುತ್ತಿತ್ತು. ಅಂದರೆ ಮುಕ್ಕಾಲು ಗಂಟೆ ಹುಬ್ಬು ಗಂಟಿಕ್ಕಿ ನಾನು ಸಂಪಾದಿಸಿದ್ದು ಎರಡೇ ಎರಡು ಅಂಕ. ಶಬ್ದ, ಅಂಕಿ, ತರ್ಕದ ಪ್ರಶ್ನೆಗಳಲ್ಲಿ ಹೀಗೆ ಆಗುವುದಿಲ್ಲ. ಅಲ್ಲಿ ಬರದಿದ್ದರೆ ಬರುವುದಿಲ್ಲ ಅಂತ ನಮಗೇ ಗೊತ್ತಿರುತ್ತದೆ. ಇಲ್ಲಿನ ಕಷ್ಟ ಬೇರೆ. ತಪ್ಪು ಮಾಡಿದ 13 ಪ್ರಶ್ನೆಗಳಲ್ಲಿ ಹತ್ತರಲ್ಲಾದರೂ ನನಗೆ ಪೂರ್ತಿ ನಂಬಿಕೆ ಇತ್ತು. ಇದೇ, ಇದೇ, ಕಣ್ಣಿಗೆ ಹೊಡೆದ ಹಾಗೆ ಕಾಣುತ್ತಿದೆ ಅಂತ ಗುರುತು ಹಾಕಿದ್ದೆ. ಉತ್ತರ ನೋಡಿದ ಮೇಲೂ ಉತ್ತರವೇ ತಪ್ಪಿರಬೇಕು ಅಂತ ವಾದ ಮಾಡುವಷ್ಟು ನಂಬಿಕೆ.

ವಾದ ಮಾಡಿದ್ದು ತಮ್ಮನ ಜೊತೆ. ಅವನು ಪಕ್ಕದಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿ ಒಂದು ಪ್ರಶ್ನೆ ತೋರಿಸಿದೆ. ಅವನು ಎರಡು ಸೆಕೆಂಡ್ ನೋಡಿ, "ಮೂರನೇದು" ಅಂದ. ಇನ್ನೊಂದು ತೋರಿಸಿದೆ. "ಒಂದನೇದು." ಇನ್ನೊಂದು. ಅದೂ ಸರಿ. "ಹೇಗೋ ಹೇಳ್ತೀಯ?" ಅಂದೆ. "ಹೇಗೆ ಅಂದ್ರೆ? ತಿರುಗಿಸಿದ್ರೆ ಗೊತ್ತಾಗುತ್ತಲ್ಲ ಅಕ್ಕಾ" ಅಂದ. ನಾನು ಕತ್ತು ವಾಲಿಸಿದೆ. ಲ್ಯಾಪ್‌ಟಾಪನ್ನೇ ಎತ್ತಿ ಅಡ್ಡ ಹಿಡಿದೆ. ಪರದೆ ಮೇಲಿನ ಚಿತ್ರದ ಜೊತೆ ಆಯ್ಕೆಗಳೂ ಅಡ್ಡವಾದವು, ಬೇರೇನೂ ಆಗಲಿಲ್ಲ. ಅವನು ನಕ್ಕ. "ಅದನ್ನಲ್ಲ, ತಲೇಲಿ." ತಲೆಯಲ್ಲಿ ಏನಾಗುತ್ತಿದೆ ಅಂತ ಕಣ್ಣು ಮುಚ್ಚಿ ನೋಡಿಕೊಂಡೆ. ಪ್ರಶ್ನೆಯ ಆಕೃತಿ, ಅಂದರೆ ಸಾಲಾಗಿ ಅಂಟಿ ಅಲ್ಲಲ್ಲಿ ತೋಳಿನ ಹಾಗೆ ಬಾಗಿದ ಕ್ಯೂಬುಗಳು, ಒಂದು ಮಸುಕು ಗುಂಪಾಗಿ ಇತ್ತು. ತಿರುಗು ಅಂದರೆ ಮೊದಲ ತೋಳು ತಿರುಗುತ್ತಿತ್ತು. ಅಷ್ಟರಲ್ಲಿ ಎರಡನೇ ತೋಳು ಎಲ್ಲಿತ್ತು ಅನ್ನುವುದೇ ಮರೆತುಹೋಗುತ್ತಿತ್ತು. ನೀರಲ್ಲಿ ಬಿದ್ದ ಕಾಗದದ ಹಾಗೆ, ಎತ್ತಲು ಹೋದರೆ ಹರಿಯುತ್ತಿತ್ತು.

ಒಂದು ಮುಂಜಾನೆಯ ಕನಸು

ಈ ಪ್ರಶ್ನೆಗಳನ್ನು ಕಂಡುಹಿಡಿದವರನ್ನು ಬೈಯಬೇಕು ಅನ್ನಿಸಿ ಹುಡುಕಲು ಹೋದೆ. ಸಿಕ್ಕಿದ್ದು ರೋಜರ್ ಶೆಪರ್ಡ್ ಅನ್ನುವ ಮನಃಶಾಸ್ತ್ರಜ್ಞ. ಈ ಪ್ರಯೋಗದ ಯೋಚನೆ ತನಗೆ 1968ರ ನವೆಂಬರ್ 16ರ ಬೆಳಗ್ಗೆ, ಎಚ್ಚರವಾಗುವ ಹೊತ್ತಿನ ಅರೆನಿದ್ದೆಯಲ್ಲಿ ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಆಕೃತಿಗಳು ಗಾಳಿಯಲ್ಲಿ ತಾವೇ ಗಂಭೀರವಾಗಿ ತಿರುಗುತ್ತಿದ್ದುದು ಕಂಡಿತಂತೆ. (ಅವರಿಗೆ ಅರೆನಿದ್ದೆಯಲ್ಲಿ ತಿರುಗುತ್ತವೆ, ನನಗೆ ಎರಡು ಲೋಟ ಕಾಫಿ ಕುಡಿದರೂ ತಿರುಗುವುದಿಲ್ಲ.) ಮುಂದೆ ಅವರೂ ಜಾಕ್ವೆಲಿನ್ ಮೆಟ್ಜ್ಲರ್ ಅವರೂ ಸೇರಿ ಮಾಡಿದ ಪ್ರಯೋಗ 1971ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಹತ್ತು ಕ್ಯೂಬುಗಳನ್ನು ಒಂದಕ್ಕೊಂದು ಅಂಟಿಸಿದಂತೆ, ಮೂರು ಕಡೆ ಮೊಣಕೈ ಹಾಗೆ ಬಾಗಿದ ಆಕೃತಿ. ಎಂಟು ಜನರಿಗೆ ಇಂಥ ಚಿತ್ರಗಳ 1600 ಜೋಡಿಗಳನ್ನು ತೋರಿಸಿ, ಎರಡೂ ಒಂದೇನಾ ಬೇರೆನಾ ಅಂತ ಕೇಳಿದರು. ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನು ಅಳೆದರು.

ಆ ಅಳತೆ ನೋಡಿದಾಗ ನಿಜಕ್ಕೂ ಬೆರಗಾಯಿತು. ಎರಡು ಚಿತ್ರಗಳೂ ಒಂದೇ ಕೋನದಲ್ಲಿದ್ದರೆ ಸುಮಾರು ಒಂದು ಸೆಕೆಂಡ್. ಕೋನ ಹೆಚ್ಚಿದಂತೆ ಸಮಯವೂ ಅದೇ ಲೆಕ್ಕದಲ್ಲಿ ಹೆಚ್ಚುತ್ತಾ ಹೋಗಿ, 180 ಡಿಗ್ರಿಗೆ ನಾಲ್ಕು ಸೆಕೆಂಡ್ ದಾಟುತ್ತದೆ. ಗ್ರಾಫ್ ಹಾಕಿದರೆ ಹೆಚ್ಚುಕಮ್ಮಿ ನೆಟ್ಟಗಿನ ಗೆರೆ. ಸೆಕೆಂಡಿಗೆ ಸುಮಾರು 60 ಡಿಗ್ರಿ ವೇಗದಲ್ಲಿ ತಲೆಯೊಳಗೆ ಏನೋ ತಿರುಗುತ್ತಿದೆ ಅನ್ನುವ ಹಾಗೆ! ಕಾಗದದ ಮೇಲೆ ಗಡಿಯಾರದ ಮುಳ್ಳಿನಂತೆ ತಿರುಗಿದ ಚಿತ್ರಕ್ಕೂ, ಬಾಗಿಲಿನಂತೆ ಆಳದ ಕಡೆಗೆ ತಿರುಗಿದ ಚಿತ್ರಕ್ಕೂ ಸಮಯ ಏರುವ ರೀತಿ ಹೆಚ್ಚುಕಮ್ಮಿ ಒಂದೇ. ಅಂದರೆ ಅವರು ತಿರುಗಿಸುತ್ತಿದ್ದದ್ದು ಕಾಗದದ ಚಿತ್ರವನ್ನಲ್ಲ, ವಸ್ತುವನ್ನೇ. ಇದರ ಮೇಲೆಯೇ 1978ರಲ್ಲಿ ವ್ಯಾಂಡೆನ್‌ಬರ್ಗ್ ಮತ್ತು ಕ್ಯೂಸ್ ಕಾಗದ ಪೆನ್ಸಿಲ್ಲಿನ ಪರೀಕ್ಷೆ ಕಟ್ಟಿದರು. ಒಂದು ಮೂಲ ಆಕೃತಿ, ನಾಲ್ಕು ಆಯ್ಕೆ, ಅದರಲ್ಲಿ ಎರಡು ಸರಿ. ನಾವು ಬರೆಯುವ ಪ್ರಶ್ನೆಗಳು ಹೆಚ್ಚುಕಮ್ಮಿ ಅದರ ಮಕ್ಕಳು ಮೊಮ್ಮಕ್ಕಳು.

ಆದರೆ ಓದುತ್ತಾ ಹೋದಂತೆ ಒಂದು ಸಮಾಧಾನವೂ ಸಿಕ್ಕಿತು. 1976ರಲ್ಲಿ ಜಸ್ಟ್ ಮತ್ತು ಕಾರ್ಪೆಂಟರ್ ಅನ್ನುವವರು, ಇವೇ ಆಕೃತಿಗಳನ್ನು ನೋಡುವವರ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಅಂತ ಗಮನಿಸಿದರು. ಇಡೀ ಆಕೃತಿಯನ್ನು ಒಟ್ಟಿಗೆ ತಿರುಗಿಸುತ್ತಿದ್ದರೆ ಕಣ್ಣು ಒಂದೆಡೆ ನಿಲ್ಲಬೇಕಲ್ವಾ? ಹಾಗಿರಲಿಲ್ಲ. ಕಣ್ಣು ಈ ಚಿತ್ರದ ಒಂದು ತುದಿಗೆ, ಆ ಚಿತ್ರದ ಅದೇ ತುದಿಗೆ, ಮತ್ತೆ ಇಲ್ಲಿಗೆ, ಮತ್ತೆ ಅಲ್ಲಿಗೆ ಓಡಾಡುತ್ತಿತ್ತು. ಮೊದಲು ಯಾವ ತುದಿಗೆ ಯಾವ ತುದಿ ಅಂತ ಹುಡುಕುವುದು, ಆಮೇಲೆ ಆ ತುಂಡನ್ನು ತಿರುಗಿಸುವುದು, ಕೊನೆಗೆ ಉಳಿದ ಭಾಗವೂ ಹೊಂದುತ್ತದಾ ಅಂತ ನೋಡುವುದು. ನನ್ನ ತಲೆಯಲ್ಲಿ ಮೊದಲ ತೋಳು ತಿರುಗಿ ಎರಡನೆಯದು ಕಳೆದುಹೋಗುತ್ತಿತ್ತಲ್ಲ, ಅಷ್ಟೇನೂ ವಿಚಿತ್ರ ಅಲ್ಲ ಅದು. ಎಲ್ಲರೂ ತುಂಡು ತುಂಡಾಗಿಯೇ ಸಾಗಿಸುತ್ತಾರೆ. ನನ್ನದು ದಾರಿಯಲ್ಲಿ ಚೆಲ್ಲುತ್ತದೆ, ಅಷ್ಟೇ.

ಇನ್ನೊಂದು ವಿಷಯ ಹೇಳದೆ ಇರಲಾರೆ. 1982ರಲ್ಲಿ ಹೊಲಾರ್ಡ್ ಮತ್ತು ಡೆಲಿಯಸ್ ಇದೇ ಥರದ ಚಪ್ಪಟೆ ಆಕೃತಿಗಳ ಕೆಲಸವನ್ನು ಪಾರಿವಾಳಗಳಿಗೆ ಕಲಿಸಿದರು. ಮೂಲ ಆಕೃತಿ ಯಾವುದು, ಕನ್ನಡಿ ಬಿಂಬ ಯಾವುದು ಅಂತ ಕುಕ್ಕಿ ತೋರಿಸಬೇಕು. ಮನುಷ್ಯರಿಗೆ ಕೋನ ಹೆಚ್ಚಿದಂತೆ ಹೊತ್ತು ಹಿಡಿಯಿತು. ಪಾರಿವಾಳಗಳಿಗೆ ಕೋನದ ಗೊಡವೆಯೇ ಇರಲಿಲ್ಲ. ಎಷ್ಟು ತಿರುಗಿಸಿಟ್ಟರೂ ಅಷ್ಟೇ ಸಮಯ. ಗಾಳಿಯಲ್ಲಿ ಹಾರುತ್ತಾ ನೆಲವನ್ನು ಎಲ್ಲ ದಿಕ್ಕಿನಿಂದಲೂ ನೋಡುವ ಜೀವಕ್ಕೆ ಮೇಲು ಕೆಳಗು ಅಷ್ಟು ಮುಖ್ಯ ಆಗಿರಲಿಕ್ಕಿಲ್ಲ. ನಾವು ನಿಂತು ನಡೆಯುವವರು. ಇದನ್ನು ತಮ್ಮನಿಗೆ ಓದಿ ಹೇಳಿದೆ. "ಹಾಗಾದ್ರೆ ಪಾರಿವಾಳ ಕಳಿಸು ಪರೀಕ್ಷೆಗೆ" ಅಂದ.

ತಪ್ಪೆಲ್ಲ ಕನ್ನಡಿಯಲ್ಲೇ

ಎರಡನೇ ವಾರ ಒಂದು ಕೆಲಸ ಮಾಡಿದೆ. ಹೊಸ ಪ್ರಶ್ನೆ ಬಿಡಿಸುವುದನ್ನು ನಿಲ್ಲಿಸಿ, ತಪ್ಪಾದ ಪ್ರಶ್ನೆಗಳನ್ನೆಲ್ಲ ಒಂದೆಡೆ ಹಾಕಿಕೊಂಡು ಕೂತೆ. ನಾನು ಆರಿಸಿದ ತಪ್ಪು ಉತ್ತರ ಯಾವ ಥರದ್ದು? ಒಂದೆರಡು ಬಿಟ್ಟರೆ ಎಲ್ಲವೂ ಕನ್ನಡಿ ಬಿಂಬಗಳು. ತೋಳಿನ ಉದ್ದ ಬೇರೆ ಇರುವ, ಆಕಾರವೇ ಬೇರೆ ಇರುವ ಆಯ್ಕೆಗಳಿಗೆ ನಾನು ಮೋಸ ಹೋಗಿರಲಿಲ್ಲ. ಅಷ್ಟು ಹೊತ್ತು ನಾನು ನನಗೆ ತಿರುಗಿಸಲು ಬರುವುದಿಲ್ಲ ಅಂದುಕೊಂಡಿದ್ದೆ. ಆದರೆ ನನ್ನ ನಿಜವಾದ ಕಷ್ಟ ಎಡ ಬಲದ್ದು. ಪ್ರಶ್ನೆ ಕೇಳುತ್ತಿದ್ದದ್ದು "ಇದು ಎಷ್ಟು ತಿರುಗಿದೆ" ಅಂತ ಅಲ್ಲವೇ ಅಲ್ಲ. "ಇದು ತಿರುಗಿದ್ದಾ, ಮಗುಚಿದ್ದಾ" ಅಂತ. ಇಷ್ಟು ಗೊತ್ತಾಗಲು ನನಗೆ ಎರಡು ವಾರ ಬೇಕಾಯಿತು.

ಇಂಗ್ಲಿಷಿನ ಸಣ್ಣ ಅಕ್ಷರ 'ಬಿ' ತಗೊಳ್ಳಿ. ಒಂದು ಕಡ್ಡಿ, ಅದರ ಬುಡದಲ್ಲಿ ಬಲಕ್ಕೆ ಒಂದು ಹೊಟ್ಟೆ. ಅದನ್ನು ತಲೆಕೆಳಗಾಗುವಂತೆ ತಿರುಗಿಸಿದರೆ 'ಕ್ಯೂ' ಆಗುತ್ತದೆ. ಕನ್ನಡಿಯಲ್ಲಿ ನೋಡಿದರೆ 'ಡಿ'. ನೀರಿನ ಬಿಂಬ ತೆಗೆದರೆ 'ಪಿ'. ನಾಲ್ಕು ಅಕ್ಷರ, ಆಕಾರ ಒಂದೇ, ಆದರೆ ಬಣ ಎರಡು. 'ಬಿ' ಮತ್ತು 'ಕ್ಯೂ' ಒಂದು ಬಣ, 'ಡಿ' ಮತ್ತು 'ಪಿ' ಇನ್ನೊಂದು. ಕಾಗದದ ಮೇಲೆ ಎಷ್ಟೇ ತಿರುಗಿಸಿ, ಒಂದು ಬಣದವರು ಇನ್ನೊಂದು ಬಣಕ್ಕೆ ಹೋಗುವುದಿಲ್ಲ. ಕಾಗದದಿಂದ ಎತ್ತಿ ಮಗುಚಿದರೆ ಮಾತ್ರ ಸಾಧ್ಯ. ಮಕ್ಕಳು 'ಬಿ' 'ಡಿ' ಅದಲು ಬದಲು ಮಾಡುವಾಗ ನಾವು ಬೈಯುತ್ತೇವೆ. ಆದರೆ ಪಾಪ, ಅಕ್ಷರ ಕಲಿಯುವ ತನಕ ಅವರು ನೋಡಿದ ಲೋಕದಲ್ಲಿ ಹಿಡಿಕೆ ಎಡಕ್ಕಿದ್ದರೂ ಬಲಕ್ಕಿದ್ದರೂ ಟೀ ಕಪ್ ಟೀ ಕಪ್ಪೇ. ಮುಖ ಎಡಕ್ಕೆ ಮಾಡಿದರೂ ಬಲಕ್ಕೆ ಮಾಡಿದರೂ ನಾಯಿ ನಾಯಿಯೇ. ಅಕ್ಷರದ ಲೋಕದಲ್ಲಿ ಮಾತ್ರ ದಿಕ್ಕು ಬದಲಾದರೆ ಹೆಸರೇ ಬದಲು.

ನನ್ನ ಕಣ್ಣು ಇನ್ನೂ ಆ ಹಳೇ ಲೋಕದಲ್ಲೇ ಇತ್ತು. ಕನ್ನಡಿ ಬಿಂಬವನ್ನು ಕಂಡ ಕೂಡಲೇ "ಹಾಂ, ಅದೇ" ಅನ್ನುತ್ತಿತ್ತು. ಆ "ಅದೇ" ಅನ್ನುವ ಭಾವನೆ ಸುಳ್ಳೂ ಅಲ್ಲ. ಉದ್ದ ಅದೇ, ಮೂಲೆ ಅದೇ, ಕ್ಯೂಬ್ ಲೆಕ್ಕ ಅದೇ. ಅಳತೆಪಟ್ಟಿ ಹಿಡಿದು ಅಳೆದರೂ ವ್ಯತ್ಯಾಸ ಸಿಗುವುದಿಲ್ಲ. ತತ್ವಜ್ಞಾನಿ ಇಮ್ಯಾನುಯೆಲ್ ಕ್ಯಾಂಟ್ 1768ರಲ್ಲೇ ಈ ಒಗಟಿನ ಬಗ್ಗೆ ಬರೆದಿದ್ದರು. ಎಡಗೈ ಬಲಗೈ ಎರಡರ ಎಲ್ಲ ಅಳತೆಯೂ ಒಂದೇ, ಆದರೂ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಯಾಕೆ ಅಂತ. 1848ರಲ್ಲಿ ವಿಜ್ಞಾನಿ ಲೂಯಿ ಪ್ಯಾಶ್ಚರ್ ಒಂದು ಬಗೆಯ ಟಾರ್ಟರಿಕ್ ಆಮ್ಲದ ಲವಣದ ಹರಳುಗಳನ್ನು ನೋಡುತ್ತಾ, ಅವುಗಳಲ್ಲಿ ಒಂದಕ್ಕೊಂದು ಕನ್ನಡಿ ಬಿಂಬದಂತಿರುವ ಎರಡು ಜಾತಿ ಇವೆ ಅಂತ ಗುರುತಿಸಿದರು. ಕೂತು, ಕೈಯಲ್ಲೇ, ಒಂದೊಂದಾಗಿ ಎರಡು ಗುಡ್ಡೆ ಮಾಡಿದರು. ಎರಡು ಗುಡ್ಡೆಯ ದ್ರಾವಣಗಳು ಬೆಳಕನ್ನು ಎದುರು ಬದುರು ದಿಕ್ಕಿಗೆ ತಿರುಗಿಸಿದವು. ಇದು ಓದಿದ ದಿನ ಯಾಕೋ ಖುಷಿಯಾಯಿತು. ನಾನು ತಲೆ ಚಚ್ಚಿಕೊಳ್ಳುತ್ತಿದ್ದ ಪ್ರಶ್ನೆಯನ್ನೇ ಅವರು ಹರಳುಗಳ ಮುಂದೆ ಕೂತು ಸಾವಿರ ಸಲ ಕೇಳಿಕೊಂಡಿರಬೇಕು. ಇದು ತಿರುಗಿದ್ದಾ, ಮಗುಚಿದ್ದಾ?

ಹತ್ತು ಕ್ಯೂಬ್, ಒಂದು ಗೋಂದಿನ ಡಬ್ಬಿ

ಚಿತ್ರ ನೋಡಿ ಸಾಕಾಗಿ ಒಂದು ಭಾನುವಾರ ಆ ಆಕೃತಿಯನ್ನು ಮಾಡಿಯೇ ಬಿಡೋಣ ಅಂತ ಕೂತೆ. ಮಕ್ಕಳು ಆಡುವ ಮರದ ಕ್ಯೂಬುಗಳು, ಗೋಂದು. ನಾಲ್ಕು ಕ್ಯೂಬಿನ ಉದ್ದನೆ ಬೆನ್ನು. ಅದರ ಒಂದು ತುದಿಯಲ್ಲಿ ಮೇಲಕ್ಕೆ ಎರಡು ಕ್ಯೂಬಿನ ತೋಳು. ಇನ್ನೊಂದು ತುದಿಯಲ್ಲಿ ಪಕ್ಕಕ್ಕೆ ಎರಡು, ಅದರ ಕೊನೆಯಲ್ಲಿ ಬಾಗಿ ಮತ್ತೆ ಎರಡು. ಒಟ್ಟು ಹತ್ತು. ಒಣಗಿದ ಮೇಲೆ ಅದನ್ನು ಕನ್ನಡಿ ಮುಂದೆ ಇಟ್ಟು, ಕನ್ನಡಿಯೊಳಗೆ ಕಂಡದ್ದನ್ನು ನೋಡಿಕೊಂಡು ಇನ್ನೊಂದು ಮಾಡಿದೆ. ಈಗ ಕೈಯಲ್ಲಿ ಎರಡು ಆಕೃತಿ. ಇವೆರಡೂ ಒಂದೇ ಥರ ನಿಲ್ಲುವ ಹಾಗೆ ಮಾಡು ನೋಡೋಣ ಅಂತ ನನಗೆ ನಾನೇ ಸವಾಲು ಹಾಕಿಕೊಂಡೆ.

ಹತ್ತು ನಿಮಿಷ ತಿರುಗಿಸಿದೆ. ಆಗುವುದಿಲ್ಲ ಅಂತ ಗೊತ್ತಿದ್ದೂ ತಿರುಗಿಸಿದೆ. ಪ್ರತಿ ಸಲವೂ ಒಂದು ತೋಳು ಹೊಂದುತ್ತಿತ್ತು, ಇನ್ನೊಂದು ಎದುರು ದಿಕ್ಕಿಗೆ ನೋಡುತ್ತಿತ್ತು. ಅದನ್ನು ಸರಿ ಮಾಡಿದರೆ ಮೊದಲನೆಯದು ಮುನಿಸಿಕೊಳ್ಳುತ್ತಿತ್ತು. ಪರದೆ ಮೇಲೆ ನನ್ನನ್ನು ಅಷ್ಟು ಸಲ ಮೋಸ ಮಾಡಿದ ಜೋಡಿ ಕೈಯಲ್ಲಿ ಒಂದು ಸಲವೂ ಮೋಸ ಮಾಡಲಿಲ್ಲ. ಕಣ್ಣಿಗೆ "ಅದೇ" ಅನ್ನಿಸಿದ್ದನ್ನು ಕೈ ಒಪ್ಪುತ್ತಲೇ ಇರಲಿಲ್ಲ.

ಆಮೇಲೆ ಸುಮ್ನೆ ಆಟಕ್ಕೆ, ಒಂದು ಆಕೃತಿಯ ಬೆನ್ನನ್ನು ದುರ್ಬೀನಿನ ಹಾಗೆ ಕಣ್ಣಿಗೆ ನೆಟ್ಟಗೆ ಹಿಡಿದು ನೋಡಿದೆ. ಹತ್ತಿರದ ತೋಳು ಮೇಲಕ್ಕೆ ಇರುವ ಹಾಗೆ ಹಿಡಿದರೆ ದೂರದ ತೋಳು ಬಲಕ್ಕೆ ಹೋಗುತ್ತಿತ್ತು. ಸರಿ. ಈಗ ಹಿಂದು ಮುಂದು ಮಾಡಿ, ಆ ತುದಿಯಿಂದ ನೋಡಿದೆ. ಹತ್ತಿರಕ್ಕೆ ಬಂದ ತೋಳನ್ನು ಮೇಲಕ್ಕೆ ಮಾಡಿಕೊಂಡೆ. ಎಡಕ್ಕೆ ಹೋಗುತ್ತದೆ ಅಂದುಕೊಂಡಿದ್ದೆ. ಇಲ್ಲ, ಮತ್ತೆ ಬಲಕ್ಕೇ! ಇನ್ನೊಂದು ಆಕೃತಿ ತಗೊಂಡೆ. ಅದರಲ್ಲಿ ಎಡಕ್ಕೆ. ತುದಿ ಬದಲಿಸಿದರೂ ಎಡಕ್ಕೇ. ಯಾವ ತುದಿಯಿಂದ ನೋಡಿದರೂ ಬಲದ್ದು ಬಲದ್ದೇ, ಎಡದ್ದು ಎಡದ್ದೇ. ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು, ಇದು ಸ್ಕ್ರೂ. ಸ್ಕ್ರೂವಿನ ಮರೆಯನ್ನು, ಅಂದರೆ ಅದರ ಮೈಮೇಲಿನ ಸುರುಳಿ ಗೆರೆಯನ್ನು, ತಲೆ ಕಡೆಯಿಂದ ನೋಡಿ, ಮೊನೆ ಕಡೆಯಿಂದ ನೋಡಿ, ಅದು ಸುತ್ತಿಕೊಂಡು ಹೋಗುವ ದಿಕ್ಕು ಬದಲಾಗುವುದಿಲ್ಲ. ಸಾಮಾನ್ಯ ಸ್ಕ್ರೂಗಳೆಲ್ಲ ಒಂದು ಜಾತಿ. ಸೈಕಲ್ಲಿನ ಎಡಗಡೆ ಪೆಡಲಿನದು ಮಾತ್ರ ಉಲ್ಟಾ ಮರೆ, ತುಳಿದಂತೆ ಸಡಿಲವಾಗದಿರಲಿ ಅಂತ. ಆ ಪೆಡಲಿನ ಮರೆಯನ್ನು ಹೇಗೆ ತಿರುಗಿಸಿ ಹಿಡಿದರೂ ಮಾಮೂಲಿ ಮರೆ ಆಗುವುದಿಲ್ಲ.

ಅಲ್ಲಿಂದ ಮುಂದೆ ಪ್ರಶ್ನೆ ಬಿಡಿಸುವ ರೀತಿಯೇ ಬದಲಾಯಿತು. ಚಿತ್ರದಲ್ಲಿ ಬೆನ್ನನ್ನು ಹುಡುಕುತ್ತೇನೆ. ಹತ್ತಿರದ ತೋಳು ನನ್ನ ತಲೆಯ ಕಡೆಗಿದೆ ಅಂದುಕೊಳ್ಳುತ್ತೇನೆ. ದೂರದ ತೋಳು ಬಲಕ್ಕಾ ಎಡಕ್ಕಾ? ಆಯ್ಕೆಗಳಿಗೂ ಅದೇ ಪ್ರಶ್ನೆ. ಮೂಲದಲ್ಲಿ ಬಲ, ಇದರಲ್ಲಿ ಎಡ, ಹೊಡೆದು ಹಾಕು. (ಬೆನ್ನಿನ ಎರಡೂ ತೋಳು ಒಂದೇ ಕಡೆಗೋ ನೇರ ಎದುರು ಬದುರಿಗೋ ನೋಡುತ್ತಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಪಕ್ಕದ ತೋಳನ್ನೇ ಬೆನ್ನು ಮಾಡಿಕೊಳ್ಳಬೇಕು. ಮೊದಲು ಕ್ಯೂಬ್ ಎಣಿಸುವುದನ್ನೂ ಮರೆಯಬಾರದು, ಕೆಲವರು ಒಂದು ಕ್ಯೂಬ್ ಕದ್ದಿಟ್ಟಿರುತ್ತಾರೆ.) ಚಪ್ಪಟೆ ಚಿತ್ರಗಳಿಗೆ ಇನ್ನೂ ಸುಲಭ. ಚುಕ್ಕೆ, ಬಾಣ, ಖಾಲಿ ಮೂಲೆ ಹೀಗೆ ಯಾವುದಾದರೂ ಮೂರು ಗುರುತು ಆರಿಸಿಕೊಂಡು ಸುತ್ತು ಹಾಕಿದರೆ, ಗಡಿಯಾರದ ದಿಕ್ಕಿಗೆ ಬರುತ್ತದಾ ಉಲ್ಟಾ ಬರುತ್ತದಾ? ಎಷ್ಟು ತಿರುಗಿಸಿದರೂ ಆ ಸುತ್ತು ಹಾಗೇ ಇರುತ್ತದೆ, ಮಗುಚಿದರೆ ಮಾತ್ರ ಉಲ್ಟಾ. ದಾಳದ ಪ್ರಶ್ನೆಗೂ ಇದೇ ಮಾತು. ಎದುರು ಮುಖಗಳ ಮೊತ್ತ 7 ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಆ ನಿಯಮ ಪಾಲಿಸಿಯೂ ದಾಳವನ್ನು ಎರಡು ರೀತಿ ಮಾಡಬಹುದು. ಒಂದು ಮೂಲೆಯ ಸುತ್ತ 1, 2, 3 ಗಡಿಯಾರದ ದಿಕ್ಕಿಗೆ ಬರುವ ದಾಳ, ಉಲ್ಟಾ ಬರುವ ದಾಳ.

ಮೂರನೇ ವಾರದ ಕೊನೆಗೆ 20ಕ್ಕೆ 18. ತಿರುಗಿಸಿದ್ದು ಸೊನ್ನೆ.

ಹಾಗಾದರೆ ಬೆಳೆದದ್ದು ಏನು?

ಅನುಮಾನ ಶುರುವಾಗಿದ್ದು ಇಲ್ಲಿಂದ. ಅಭ್ಯಾಸದಿಂದ ನನ್ನ ಶಕ್ತಿ ಬೆಳೆಯಿತಾ, ಅಥವಾ ಆ ಶಕ್ತಿ ಬೇಕಾಗದ ಹಾಗೆ ಒಂದು ದಾರಿ ಮಾಡಿಕೊಂಡೆನಾ? ಈ ಪ್ರಶ್ನೆಗೆ ಸಿದ್ಧ ಉತ್ತರ ಸಿಗುತ್ತದೆ ಅಂದುಕೊಂಡು ಓದಿದೆ. ಸಿಕ್ಕಿದ್ದು ಎರಡು ಕಡೆ ಎಳೆಯುವ ಉತ್ತರ. 1989ರಲ್ಲಿ ಟಾರ್ ಮತ್ತು ಪಿಂಕರ್ ಕೆಲವರಿಗೆ ಹೊಸ ಆಕೃತಿಗಳನ್ನು ಕೆಲವೇ ಕೋನಗಳಲ್ಲಿ ಮತ್ತೆ ಮತ್ತೆ ತೋರಿಸಿದರು. ಅಭ್ಯಾಸವಾದಂತೆ ಕೋನ ಎಷ್ಟೇ ಇದ್ದರೂ ಉತ್ತರ ಬೇಗ ಬರತೊಡಗಿತು. ತಿರುಗಿಸುವುದರಲ್ಲಿ ಪಳಗಿದರು ಅನ್ನಿಸುತ್ತದೆ ಅಲ್ವಾ? ಆಮೇಲೆ ಅದೇ ಆಕೃತಿಗಳನ್ನು ಅವರು ನೋಡದ ಕೋನಗಳಲ್ಲಿ ತೋರಿಸಿದರು. ಮತ್ತೆ ಹಳೇ ನಿಧಾನ. ಅಂದರೆ ಜನ ತಿರುಗಿಸುವುದನ್ನು ಕಲಿತಿರಲಿಲ್ಲ. ಆ ಆಕೃತಿಯ ಹಲವು ಫೋಟೋ ತಲೆಯಲ್ಲಿ ಇಟ್ಟುಕೊಂಡಿದ್ದರು.

ಮೇಲಿಂದ ಬೀಳುವ ತುಂಡುಗಳನ್ನು ತಿರುಗಿಸಿ ಜೋಡಿಸುವ ವಿಡಿಯೋ ಗೇಮ್ ಟೆಟ್ರಿಸ್ ಆಡುವವರ ಮೇಲೆ ಸಿಮ್ಸ್ ಮತ್ತು ಮೇಯರ್ 2002ರಲ್ಲಿ ಮಾಡಿದ ಅಧ್ಯಯನವೂ ಹೀಗೇ. ಪಳಗಿದ ಆಟಗಾರರು ಟೆಟ್ರಿಸ್ ತುಂಡುಗಳನ್ನೂ ಅಂಥದ್ದೇ ಆಕಾರಗಳನ್ನೂ ತಿರುಗಿಸುವುದರಲ್ಲಿ ಮುಂದಿದ್ದರು. ಬೇರೆ ಆಕಾರ ಕೊಟ್ಟರೆ ಆ ಮುನ್ನಡೆ ಕಾಣಲಿಲ್ಲ. ಇನ್ನೂ ಮಜಾ ಅಂದರೆ, ಟೆಟ್ರಿಸ್ ಆಡುವವರು ತಲೆಯಲ್ಲಿ ತಿರುಗಿಸುವುದೇ ಕಡಿಮೆ ಅಂತ 1994ರಲ್ಲೇ ಕರ್ಶ್ ಮತ್ತು ಮ್ಯಾಗ್ಲಿಯೊ ತೋರಿಸಿದ್ದರು. ತುಂಡು ಮೇಲಿಂದ ಇಣುಕುತ್ತಿದ್ದಂತೆಯೇ ಬಟನ್ ಒತ್ತಿ ಪರದೆಯ ಮೇಲೇ ತಿರುಗಿಸಿ ನೋಡುತ್ತಾರೆ, ಯಾಕೆಂದರೆ ತಲೆಗಿಂತ ಬಟನ್ ಬೇಗ. ಇದನ್ನು ಓದಿದಾಗ ನನಗೆ ಜೊತೆಗಾರರು ಸಿಕ್ಕ ಹಾಗಾಯಿತು.

ಇನ್ನೊಂದು ಕಡೆ, 2013ರಲ್ಲಿ ಉಟ್ಟಲ್ ಮತ್ತು ಸಂಗಡಿಗರು 217 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಇಂಥ ಸಾಮರ್ಥ್ಯ ತರಬೇತಿಯಿಂದ ಬೆಳೆಯುತ್ತದೆ, ಕಲಿಸದ ಕೆಲಸಗಳಿಗೂ ಹರಡುತ್ತದೆ ಅಂದರು. ಇದು ನನಗೆ ಬೇರೆ ಕಾರಣಕ್ಕೂ ಸಮಾಧಾನ ಕೊಟ್ಟಿತು. ಅಭ್ಯಾಸ ಶುರು ಮಾಡಿದಾಗ, ಪರಿಚಯದ ಒಬ್ಬರು "ಹುಡುಗೀರಿಗೆ ಇದು ಸ್ವಲ್ಪ ಕಷ್ಟಾನೇ ಬಿಡಿ" ಅಂದಿದ್ದರು. ಸರಾಸರಿಯಲ್ಲಿ ಅಂತರ ಇರುವುದು ನಿಜ, ಈ ಥರದ ಪರೀಕ್ಷೆಗಳಲ್ಲಿ ಅದು ಮತ್ತೆ ಮತ್ತೆ ಕಂಡಿದೆ. ಆದರೆ 2007ರಲ್ಲಿ ಟೊರೊಂಟೊದಲ್ಲಿ ಕೆಲವರಿಗೆ ಬರೀ 10 ಗಂಟೆ ಆಕ್ಷನ್ ವಿಡಿಯೋ ಗೇಮ್ ಆಡಿಸಿದಾಗ ಆ ಅಂತರ ತಗ್ಗಿತು. ಹತ್ತು ಗಂಟೆಯ ಆಟಕ್ಕೆ ತಗ್ಗುವುದನ್ನು ಹಣೆಬರಹ ಅಂದರೆ ಹೇಗೆ? ಆ ಪರಿಚಯದವರು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಆದರೂ ನಾನು ಕೆಲವು ದಿನ ಆ ಮಾತನ್ನು ಹೊತ್ತುಕೊಂಡೇ ಪ್ರಶ್ನೆ ಬಿಡಿಸಿದೆ. ಪ್ರತಿ ತಪ್ಪಿಗೂ ಆ ಮಾತು ನೆನಪಾಗುತ್ತಿತ್ತು. ಅವರಿಗೆ ಈ ಲೆಕ್ಕ ಹೇಳೋಣ ಅಂತ ಇದ್ದೆ, ಹೇಳಲಿಲ್ಲ.

ಶಕ್ತಿ, ಉಪಾಯ ಎರಡೂ ಅಷ್ಟು ಬೇರೆ ಬೇರೆನಾ ಅನ್ನುವುದೂ ನನಗೀಗ ಅನುಮಾನ. 2010ರಲ್ಲಿ ಆಡಮ್ ಝೀಮನ್ ಮತ್ತು ಸಂಗಡಿಗರು ಒಬ್ಬ ವ್ಯಕ್ತಿಯ ಬಗ್ಗೆ ಬರೆದರು. ಅವರಿಗೆ ಮನಸ್ಸಿನಲ್ಲಿ ಚಿತ್ರ ಕಾಣುವುದೇ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಕಣ್ಣು ಮುಚ್ಚಿದರೆ ಬರೀ ಕತ್ತಲು. ಆದರೂ ಈ ಕ್ಯೂಬ್ ಆಕೃತಿಗಳ ಪ್ರಶ್ನೆಗೆ ಅವರು ಸರಿಯಾಗಿಯೇ ಉತ್ತರಿಸಿದರು. ಕೋನ ಹೆಚ್ಚಿದಂತೆ ಸಮಯ ಹೆಚ್ಚುವ ಆ ನೆಟ್ಟಗಿನ ಗೆರೆ ಮಾತ್ರ ಅವರಲ್ಲಿ ಕಾಣಲಿಲ್ಲ. ಅವರ ದಾರಿ ಬೇರೆ. ಅವರು ಕಳ್ಳದಾರಿ ಹಿಡಿದರು ಅಂತ ಯಾರೂ ಅನ್ನುವುದಿಲ್ಲ. ಹಾಗಾದರೆ ನನ್ನನ್ನು ಯಾಕೆ ನಾನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡಿದ್ದೇನೆ? ಬಹುಶಃ ಪರೀಕ್ಷೆಯ ಹೆಸರಿಗೆ ಹೆದರಿ. ಅದಕ್ಕೆ "ಮನಸ್ಸಿನಲ್ಲಿ ತಿರುಗಿಸುವುದು" ಅಂತ ಹೆಸರಿಟ್ಟು, ತಿರುಗಿಸದವರು ಅಪರಾಧಿ ಆಗುವ ಹಾಗೆ ಮಾಡಿದ್ದಾರೆ. "ಎಡ ಬಲ ಗುರುತಿಸುವುದು" ಅಂತ ಇಟ್ಟಿದ್ದರೆ ನನಗೆ ಈ ಬರಹ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಮೇಜಿನ ಕೆಳಗೆ

ಪರೀಕ್ಷೆಯ ದಿನ ನಡೆದದ್ದು ಇಷ್ಟೇ. ಐದನೇ ಪ್ರಶ್ನೆಗೆ ಬರುವಷ್ಟರಲ್ಲಿ ನನ್ನ ಬಲಗೈ ತಾನಾಗಿಯೇ ಮೇಲೆದ್ದಿತ್ತು. ಹೆಬ್ಬೆರಳು ಮೇಲೆ, ತೋರುಬೆರಳು ಮುಂದೆ, ನಡುಬೆರಳು ಪಕ್ಕಕ್ಕೆ. ಮೂರು ಬೆರಳು, ಮೂರು ತೋಳು. ಬಲಗೈ ಬೆರಳು ಚಿತ್ರಕ್ಕೆ ಹೊಂದಿದರೆ ಒಂದು ಜಾತಿ, ಎಡಗೈ ಹೊಂದಿದರೆ ಇನ್ನೊಂದು ಜಾತಿ. ಮಣಿಕಟ್ಟನ್ನು ಹೀಗೆ ಹಾಗೆ ತಿರುಚುತ್ತಾ ಕೂತಿದ್ದೆ. ಮೇಲ್ವಿಚಾರಕರು ಬಂದು ಪಕ್ಕದಲ್ಲಿ ನಿಂತರು. ಯಾರಿಗೋ ಸನ್ನೆ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ. ನಾನು ಕೈಯನ್ನು ಮೇಜಿನ ಕೆಳಗೆ ಇಳಿಸಿದೆ. ಅವರು ಹೋದ ಮೇಲೆ ಅಲ್ಲೇ ಕೆಳಗೇ ಕೆಲಸ ಮುಂದುವರಿಸಿದೆ. ಇಂಥ ಪ್ರಶ್ನೆ ಬಿಡಿಸುವಾಗ ಕೈಸನ್ನೆ ಮಾಡಿ ಅಂತ ಹೇಳಿದರೆ ಜನ ಹೆಚ್ಚು ಸರಿ ಉತ್ತರ ಕೊಡುತ್ತಾರೆ ಅಂತ ಚು ಮತ್ತು ಕಿಟಾ 2011ರಲ್ಲೇ ತೋರಿಸಿದ್ದಾರೆ. ಆದರೆ ಅದನ್ನು ಪರೀಕ್ಷಾ ಕೊಠಡಿಯಲ್ಲಿ ವಿವರಿಸಲು ಆಗುತ್ತದಾ?

ಮೊನ್ನೆ ತಮ್ಮ ಬಂದಿದ್ದ. ಶೆಲ್ಫಿನ ಮೇಲಿದ್ದ ಕ್ಯೂಬ್ ಆಕೃತಿಗಳನ್ನು ನೋಡಿ, "ಇನ್ನೂ ಇಟ್ಕೊಂಡಿದ್ದೀಯಾ?" ಅಂದ. ನಾನು ಒಂದು ಹಾಳೆ ತಗೊಂಡು ಹೊಸದೊಂದು ಆಕೃತಿ ಬರೆದೆ. ಬೆನ್ನೂ ಸೇರಿ ನಾಲ್ಕಲ್ಲ, ಆರು ತೋಳು. ಪಕ್ಕದಲ್ಲಿ ಅದನ್ನೇ ಉಲ್ಟಾ ಸೀದಾ ತಿರುಗಿಸಿ ಇನ್ನೊಂದು. ಬರೆಯುವುದಕ್ಕೇ ಅರ್ಧ ಗಂಟೆ ಹಿಡಿಯಿತು. "ಎರಡೂ ಒಂದೇನಾ?" ಅಂತ ಕೇಳಿದೆ. ಎರಡು ಸೆಕೆಂಡಿಗೆ ಉತ್ತರ ಬರಲಿಲ್ಲ. ಹತ್ತು ಸೆಕೆಂಡಿಗೂ ಬರಲಿಲ್ಲ. ಅವನ ಕಣ್ಣು ಈ ಚಿತ್ರದ ತುದಿಗೆ, ಆ ಚಿತ್ರದ ತುದಿಗೆ ಓಡಾಡುತ್ತಿತ್ತು. "ಇಲ್ಲಿ ಎಡಕ್ಕೆ ಬಾಗಿದೆ... ಅಲ್ಲಿ..." ಅಂತ ತುಟಿಯೊಳಗೇ ಹೇಳಿಕೊಳ್ಳುತ್ತಿದ್ದ.

"ತಿರುಗಿಸಿದ್ರೆ ಗೊತ್ತಾಗುತ್ತಲ್ಲೋ" ಅಂದೆ.

"ಸ್ವಲ್ಪ ಸುಮ್ನಿರು ಅಕ್ಕಾ" ಅಂದ.

ಬಗ್ಗಿ ನೋಡಿದೆ. ಮೇಜಿನ ಕೆಳಗೆ ಅವನ ಬಲಗೈ ಮೆಲ್ಲಗೆ ತಿರುಗುತ್ತಿತ್ತು.